ಅರ್ಧಕ್ಕೆ ನಿಂತ ಬ್ರೌಸರ್

ಪ್ರೇಕ್ಷಾ ಲ್ಯಾಪ್‌ಟಾಪಿಗೆ ಕೈ ಚಾಚಿದ ಕೂಡಲೇ ಹರಿಣಾಕ್ಷಿ ಅದನ್ನು ಎದೆಗೆ ಅವಚಿಕೊಂಡಳು. ಎಲ್ಲವನ್ನೂ ಕನ್ನಡದಲ್ಲೇ ತೋರಿಸುವ ಬ್ರೌಸರೊಂದನ್ನು ಅರ್ಧ ಕಟ್ಟಿ, ಮಗ ಅನೂಪ ಮಳೆಗಾಲಕ್ಕೆ ಮುಂಚೆ ತೀರಿಕೊಂಡಿದ್ದ. ಉಳಿದದ್ದನ್ನು ಮುಗಿಸುತ್ತೇನೆಂದು ಅವನ ಗೆಳತಿ ಪ್ರೇಕ್ಷಾ ನಾವುಂದ ಊರಿನ ಅವರ ಮನೆಗೆ ಬಂದಿದ್ದಳು.

“ನೀನ್ ಮುಟ್ರೆ ಅವ್ನ್ ಬರ್ದದ್ದೆಲ್ಲ ಅಳ್ಸಿ ಹೋದ್ರೆ? ಕಡಿಕ್ ನಿನ್ ಹೆಸ್ರೇ ಹಾಯ್ಕಂಡ್ರೆ?”

“ಹ್ವಾಯ್ ಅಮ್ಮ, ನಾನೆಂತ ಕಳ್ಳಿಯಾ?” ಪ್ರೇಕ್ಷಾ ಅವಳ ಮಡಿಲಲ್ಲೇ ಲ್ಯಾಪ್‌ಟಾಪ್ ತೆರೆದಳು. “ಅವ್ನೂ ಬುಡದಿಂದ ಬರ್ದದ್ದಲ್ಲ. ಯಾರ್ಯಾರೋ ಬರ್ದ್, ಎಲ್ಲರಿಗೂ ಇರ್ಲಿ ಅಂದೇಳಿ ಬಿಟ್ಟದ್ದನ್ನ ತಕಂಡ್ ಸುರು ಮಾಡ್ದ. ಇಲ್ಲ್ ಕಾಣಿ, ಅವ್ರ್ ಹೆಸ್ರ್ ಒಂದನ್ನೂ ತೆಗಿಲಿಲ್ಲ. ಅವ್ನ್ ಹೆಸ್ರನ್ನ ನಾನೂ ತೆಗುಕಾಗ. ಓಪನ್ ಸೋರ್ಸ್ ಕೋಡಿನ ಕಟ್ಲೆಯೇ ಅದ್.”

ಪರದೆಯಲ್ಲಿ ಅನೂಪನ ಹೆಸರಿನ ಮೇಲ್ಗಡೆ ಕೇಳರಿಯದ ಪರದೇಶದ ಹೆಸರುಗಳು ಸಾಲುಗಟ್ಟಿ ನಿಂತಿದ್ದವು. ಹರಿಣಾಕ್ಷಿ ಅವುಗಳನ್ನೇ ನೋಡಿದಳು.

“ಇವ್ರೆಲ್ಲ ಬದ್ಕಿದ್ರಾ?”

“ಗೊತ್ತಿಲ್ಲ ಅಮ್ಮ. ಕೆಲವ್ರ್ ತೀರ್ಕಂಡಿರ್ಲಿಕ್ಕೂ ಸಾಕ್.”

ಹರಿಣಾಕ್ಷಿ ಲ್ಯಾಪ್‌ಟಾಪನ್ನು ಮೆಲ್ಲನೆ ಹುಡುಗಿಯ ತೊಡೆಗೆ ಸರಿಸಿದಳು.

“ಮೊದ್ಲ್ ಅವ್ರ್ ಹೆಸ್ರ್ ಓದ್, ಹೆಣ್ಣೇ. ದೇವ್ರಿಗ್ ದೀಪ ಹಚ್ಚುವಾಗ ಇಷ್ಟ್ ದಿನ ನಾನ್ ಅನೂಪನ್ ಹೆಸ್ರೊಂದೇ ಹೇಳ್ತಿದ್ದೆ.”