ಬೆರಳುದ್ದದ ಪಟ್ಟಿ

ಪರೀಕ್ಷೆಯ ಉಕ್ಕಿನ ಪಟ್ಟಿ ಬಾಗಬೇಕಾದಷ್ಟು ಬಾಗಿರಲಿಲ್ಲ. ಸ್ಪ್ರಿಂಗ್ ಕಾರ್ಖಾನೆಯಲ್ಲಿ ತಪಾಸಣೆ ನೋಡಿಕೊಳ್ಳುವ ಭಾನುಪ್ರಿಯ ಅದನ್ನು ಮತ್ತೆ ಬಾಗು ಅಳೆಯುವ ಗೇಜಿನ ಮೇಲಿಟ್ಟು ನೋಡಿದಳು. ಯಂತ್ರದೊಳಗೆ ಉಕ್ಕಿನ ಸಣ್ಣ ಗುಂಡುಗಳ ಏಟು ಸಾಲದೆ ಹೋದರೆ ಈ ಬೆರಳುದ್ದದ ಪಟ್ಟಿ ಹೀಗೆ ಚಪ್ಪಟೆಯಾಗೇ ಉಳಿಯುತ್ತದೆ. ಅದರ ಜೊತೆ ಏಟು ತಿಂದ ಲಾರಿ ಸ್ಪ್ರಿಂಗ್ ಪ್ಲೇಟುಗಳ ಮೈಯೂ ಗಟ್ಟಿಯಾಗಿರುವುದಿಲ್ಲ. ಹೊರಗೆ ಲೋಡಿಗೆ ಕಾಯುತ್ತಿದ್ದ ಡ್ರೈವರ್ ಚೆಲುವಯ್ಯ ಮೂರನೇ ಸಲ ಹಾರನ್ ಒತ್ತಿದ.

ಬೈಗುಳಕ್ಕೆ ಸಿದ್ಧಳಾಗಿಯೇ ಅವಳು ಪಟ್ಟಿ ಹಿಡಿದು ಲಾರಿಯ ಬಳಿಗೆ ಹೋದಳು. "ಪೂರ್ತಿ ಲಾಟು ಇನ್ನೊಂದ್ಸಲ ಹೊಡೀಬೇಕಣ್ಣ. ಸಾಯಂಕಾಲ ಆಯ್ತದೆ."

"ಈ ತುಂಡು ನೋಡ್ಬುಟ್ಟು ಅಷ್ಟೂ ಬ್ಯಾಡ ಅಂದ್ಯಾ?"

"ಊಂ ಅಣ್ಣ."

ಚೆಲುವಯ್ಯ ಕಿಟಕಿಯಿಂದ ಬಗ್ಗಿ ಪಟ್ಟಿಯನ್ನು ಇಸಿದುಕೊಂಡು, ಅಂಗೈಯಲ್ಲಿ ಮಗುಚಿ ಮಗುಚಿ ನೋಡಿದ. ಆಮೇಲೆ ಎಂಜಿನ್ ಆಫ್ ಮಾಡಿ, ಎಡಗಾಲನ್ನು ಒಸಿ ಎಳೆಯುತ್ತ ಕೆಳಗಿಳಿದ.

"ಹೋದ ವರ್ಸ ಕನಕಪುರದ ಇಳಿಜಾರಲ್ಲಿ ಪ್ಲೇಟ್ ಮುರಿದು ಗಾಡಿ ಮಗುಚ್ಕೊಂತು. ಮೂರು ತಿಂಗ್ಳು ಮಂಚ ಬುಟ್ಟು ಏಳ್ನಿಲ್ಲ ನಾನು. ಆ ಪ್ಲೇಟನ್ನ ಬ್ಯಾಡ ಅನ್ನಾಕೆ ನಿನ್ನಂತೋಳು ಒಬ್ಳು ಇರ್ನಿಲ್ಲ ಕಣವ್ವ. ಹೋಗು, ನಿಧಾನಕ್ಕೆ ಹೊಡೀರಿ. ಕಾಯ್ತೀನಿ."

ಎಂದವನು ಆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಹಿಂದಿರುಗಿಸಿದ.