ಎರಡು ಪದದ ಸುದ್ದಿ

ಅಂದು ಬೆಳಿಗ್ಗೆ ಇಚಲಕರಂಜಿ ಪಕ್ಕದ ಕೊರೋಚಿಯ ಮೇಲೆ ಮೋಡ ಕವಿದಿತ್ತು. ಮಳೆಯಿಲ್ಲ, ಬಿಸಿಲಿಲ್ಲ, ಎಲೆ ಅಲುಗುವಷ್ಟು ಗಾಳಿಯೂ ಇಲ್ಲ. ಶಿವವ್ವ ಹಣೆಗೆ ವಿಭೂತಿ ಹಚ್ಚಿಕೊಂಡು, ದೇವರ ಮುಂದಿನ ದೀಪವನ್ನು ಒಮ್ಮೆ ನೋಡಿ, ಏನನ್ನೂ ಬೇಡಿಕೊಳ್ಳದೆ ಹೊರಬಿದ್ದಳು. ಹನ್ನೊಂದು ತಿಂಗಳು ಬೇಡಿಕೊಂಡು ಅವಳ ಮಾತುಗಳೇ ತೀರಿಹೋಗಿದ್ದವು.

ಹನ್ನೊಂದು ತಿಂಗಳ ಹಿಂದೆ, ಯಾರದೋ ದೇಶಗಳ ಜಗಳದ ನಡುವೆ, ದೂರದ ಸಮುದ್ರದಲ್ಲಿ ಒಂದು ಸರಕಿನ ಹಡಗನ್ನು ಬಂದೂಕಿನವರು ಹಿಡಿದಿಟ್ಟಿದ್ದರು. ಆ ಹಡಗಿನ ಅಡುಗೆಮನೆಯಲ್ಲಿ ಅವಳ ಒಬ್ಬನೇ ಮಗ ಲಖನ್ ಇದ್ದ. ಹಡಗಿನ ಕಂಪನಿಗೆ ಫೋನ್ ಮಾಡಿದರೆ ಒಂದೇ ಉತ್ತರ: ಮಾತುಕತೆ ನಡೆದಿದೆ.

ಶಿವವ್ವ ಬಂಡುವಿನ ಎಂಟು ಮಗ್ಗದ ಶೆಡ್ಡಿನಲ್ಲಿ ಕಾಂಡಿ ತುಂಬುತ್ತಿದ್ದಳು; ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ. ಕೊಲ್ಹಾಪುರದ ಸಭೆಗೆ ಹೋಗೆಂದವನು ಬಂಡುವೇ.

"ಕಾಕಿ, ಪರದೇಶದಾಗ ಸರಕಾರದ ರಾಯಭಾರಿ ಆಗಿದ್ದ ಸಾಹೇಬ್ರು ಬರ್ತಾರಂತ. ಇನ್ನ ಫೋನ್ ಸಾಕು. ಎದುರ ನಿಂತು ಕೇಳು."

ಸಭಾಗೃಹದ ಬಾಗಿಲಲ್ಲಿ ವೃಷಾಲಿ ಎಂಬ ಕಾಲೇಜು ಹುಡುಗಿ ನಿಂತಿದ್ದಳು. ಕೊಲ್ಹಾಪುರದವಳು, ಕನ್ನಡದ ಗಂಧವಿಲ್ಲ. ಶಿವವ್ವನ ಗುಂಡಿಯ ಫೋನ್ ಇಸಿದುಕೊಂಡು ಸದ್ದು ಅಡಗಿಸಿ ಕೊಟ್ಟಳು. ವೇದಿಕೆಯ ಮೇಲೆ ದೊಡ್ಡ ಬಟ್ಟೆ: 'ಜಾಗತಿಕ ಸಂಘರ್ಷ, ವಿದೇಶ ಧೋರಣೆ ಮತ್ತು ನಮ್ಮ ವಸ್ತ್ರೋದ್ಯಮ.'

ರಾಯಭಾರಿಯಾಗಿದ್ದ ಜಿನಗೊಂಡ ಸಾಹೇಬರು ಮಾತಾಡಿದರು. ಜಲಮಾರ್ಗ, ತೈಲ, ಒಪ್ಪಂದ. ಅಧ್ಯಕ್ಷರಾದ ನೂಲಿನ ವ್ಯಾಪಾರಿ ಭಾವುಸಾಹೇಬರು ಎದ್ದು, ಸಮುದ್ರದ ದಾರಿ ಹೀಗೇ ಮುಚ್ಚಿದ್ದರೆ ಇಚಲಕರಂಜಿಯ ಮಾಗ ಬಂದ್ ಆಗುತ್ತವೆ ಎಂದರು. ಮಗ್ಗಕ್ಕೆ ಮರಾಠಿಯಲ್ಲಿ ಮಾಗ. ಆ ಕಡೆಯ ಕನ್ನಡದವರ ಬಾಯಲ್ಲೂ ಅದೇ.

"ಸಮುದ್ರ ಅವರದು, ಬಂದೂಕ ಅವರದು, ಬಂದ್ ಆಗೂದು ಮಾತ್ರ ನಮ್ದು!" ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಜನ ನಕ್ಕರು. ಶಿವವ್ವ ನಗಲಿಲ್ಲ, ಬೇಸರವೂ ಪಡಲಿಲ್ಲ.

ಮಧ್ಯಾಹ್ನ ಅವಳ ಮಡಿಲಲ್ಲಿ ಫೋನ್ ಬೆಳಗಿತು. ಬಂಡುವಿನ ಸುದ್ದಿ, ಇಂಗ್ಲಿಷ್ ಅಕ್ಷರದಲ್ಲಿ. ಅವಳಿಗೆ ಓದಲು ಬಾರದು. ನೀರು ಹಂಚುತ್ತ ಬಂದ ವೃಷಾಲಿಯ ಮುಂದೆ ಹಿಡಿದಳು.

ಹುಡುಗಿ ಓದಿದಳು. ಅವಳ ಮುಖ ಚಿಕ್ಕದಾಯಿತು. "ಮಾಗ ಬಂದ್, ಮಾವಶಿ," ಎಂದು ಮೆಲ್ಲಗೆ ಹೇಳಿ ಭುಜ ಮುಟ್ಟಿದಳು.

ವೇದಿಕೆಯ ಮೇಲೆ ಈಗಷ್ಟೇ ಹೇಳಿದ್ದು ಊರಿನಲ್ಲಿ ಆಗಿಯೇಬಿಟ್ಟಿತ್ತು. ನಾಳೆಯಿಂದ ಕೆಲಸವಿಲ್ಲ. ಶಿವವ್ವ ತನ್ನೊಳಗೆ ಕೈಯಾಡಿಸಿ ನೋಡಿಕೊಂಡಳು, ಎಲ್ಲಾದರೂ ನೋಯುತ್ತಿದೆಯೇ ಎಂದು. ಇಲ್ಲ. ಈಗ ಎದ್ದು ಊರಿಗೆ ಹೋದರೂ ಮಾಗವೇನೂ ಓಡುವುದಿಲ್ಲ. ಫೋನನ್ನು ಸೆರಗಿನಲ್ಲಿ ಸುತ್ತಿಟ್ಟಳು. ಅದು ಮತ್ತೆರಡು ಸಲ ಬೆಳಗಿದ್ದನ್ನು ಅವಳು ಕಾಣಲಿಲ್ಲ.

ಎರಡು ತಾಸು ಕಳೆದ ಮೇಲೆ ಮೈಕು ಅವಳ ಬಳಿ ಬಂತು.

"ಸಾಹೇಬ್ರ, ನನ್ನ ಮಗನ ಹಡಗ ಹಿಡದಿಟ್ಟಾರ, ಮಾತುಕತಿ ನಡದೈತಿ ಅಂತಾರ. ಹಡಗದಾಗಿನ ಮಕ್ಕಳ ಜೋಡಿ ಯಾರರ ಮಾತಾಡ್ಯಾರೇನ್ರಿ?"

ಸಭೆ ತಿರುಗಿ ನೋಡಿತು. ಭಾವುಸಾಹೇಬರು ಗಡಿಯಾರ ನೋಡಿದರು. "ಅಕ್ಕಾರ, ಮನಿ ಮಾತು ಬ್ಯಾಡ. ಪ್ರಶ್ನೆ ಧೋರಣೆ ಬಗ್ಗೆ ಇರಲಿ."

"ಧೋರಣಿ ಅಂದ್ರ ನನಗ ತಿಳಿಯೂದಿಲ್ರಿ. ನನ್ನ ಮಗ ಅದಾನೋ ಇಲ್ಲೋ, ಅಷ್ಟ ಹೇಳ್ರಿ. ಇಲ್ಲ ಅಂದ್ರೂ ನಡೀತೈತಿ. ಹೇಳಿಬಿಡ್ರಿ."

ಜಿನಗೊಂಡ ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಇಂಥಾದ್ರಾಗ ತಾಳ್ಮಿ ಭಾಳ ಬೇಕ್ರಿ, ತಾಯಿ. ಒಳಗೊಳಗ ಏನ ನಡದಿರ್ತೈತಿ, ಕೊನೀ ದಿನದ ತನಕ ನಮಗೂ ತಿಳಿಯೂದಿಲ್ಲ."

ಮೈಕು ಮುಂದಿನ ಸಾಲಿಗೆ ಹೋಯಿತು. ಯಾರೋ ರಫ್ತಿನ ಸುಂಕದ ಬಗ್ಗೆ ಕೇಳಿದರು.

ಬಸ್ಸಿನ ಕಿಟಕಿಯಾಚೆ ಕಬ್ಬಿನ ಗದ್ದೆಗಳು ಹಿಂದೆ ಸರಿದವು. ಶಿವವ್ವನಿಗೆ ಅಳುವೂ ಬರಲಿಲ್ಲ, ನಿದ್ದೆಯೂ ಬರಲಿಲ್ಲ. ಕೇಳಬೇಕಾದದ್ದನ್ನು ಕೇಳಿಯಾಗಿತ್ತು. ಶಿವನಿಗೂ ಹೇಳುವುದು ಇನ್ನೇನೂ ಉಳಿದಿರಲಿಲ್ಲ.

ಕೊರೋಚಿಯ ಓಣಿಗೆ ಕಾಲಿಟ್ಟಾಗ ಖಟ್ ಖಟ್ ಖಟ್ ಎಂಬ ಸದ್ದು ಕಿವಿಗೆ ಬಿತ್ತು. ನಾಲ್ಕು ಹೆಜ್ಜೆ ನಡೆದ ಮೇಲೆ ಅವಳಿಗೆ ಹೊಳೆಯಿತು: ಅದು ಬಂಡುವಿನ ಶೆಡ್ಡಿನ ಸದ್ದು. ಒಂದಲ್ಲ, ಎಂಟೂ ಮಾಗ ಓಡುತ್ತಿದ್ದವು.

ಬಂಡು ಬಾಗಿಲಿಗೇ ಓಡಿ ಬಂದ. "ಏನ್ ಕಾಕಿ ನೀ! ಮೂರು ಸಲ ಫೋನ್ ಹಚ್ಚೇನಿ. ಎತ್ತಲಿಲ್ಲ ಅಂತ ಬರದೂ ಕಳಿಸೇನಿ. ಆದ್ರೂ ಸಂಜಿ ಮಾಡ್ಕೊಂಡು ಬರಾಕತ್ತಿ?"

"ಮಾಗ ಬಂದ್ ಆಗ್ಯಾವ ಅಂತ ಬರದಿದ್ದೆಲ್ಲೋ?"

"ನಾ ಯಾವಾಗ ಬರದೇನಿ ಹಂಗ?" ಅವನು ಫೋನ್ ಕಸಿದುಕೊಂಡು ನೋಡಿ ಹಣೆ ಚಚ್ಚಿಕೊಂಡ. "ಯಾರ ಕಡಿಂದ ಓದಿಸಿದಿ? ಮರಾಠಿಯವರ ಕಡಿಂದೇನ? ನಾ ಇಂಗ್ಲಿಷ್ ಅಕ್ಷರದಾಗ ಬರದದ್ದು ಕನ್ನಡ, ಕಾಕಿ. ಗಡಿಬಿಡಿಯಾಗ ಕಡೀ ಅಕ್ಷರ ಒತ್ತೂದು ಬಿಟ್ಟೇನಿ. ಮಾಗ ಬಂದ್ ಅಲ್ಲಬೇ, 'ಮಗ ಬಂದ'!"

ಕಾಂಡಿ ಯಂತ್ರದ ಮುಂದೆ ಬೆನ್ನು ಹಾಕಿ ಕೂತಿದ್ದ ಗಡ್ಡದವನು ಎದ್ದು, ಅಂದಿನ ಅವಳ ಪಾಲಿನ ಕಾಂಡಿಯನ್ನೆಲ್ಲ ತುಂಬಿಟ್ಟ ಬುಟ್ಟಿಯನ್ನು ಅವ್ವನ ಕೈಗೆ ಕೊಟ್ಟ.