ಪೋರ್ಟಿನ ಅಳತೆ

ಕಾರಿನ ಸದ್ದಿಗೆ ಮಗು ಮತ್ತೆ ಬೆಚ್ಚಿಬಿದ್ದು ಅತ್ತಾಗ, ಅವಳು ಅದನ್ನು ಸೀರೆಯ ಜೋಲಿಯಿಂದ ಎತ್ತಿಕೊಂಡು ಹೊರಗೆ ಬಂದಳು. ಗಂಡ ಕಾರಿನ ಡಿಕ್ಕಿ ತೆರೆದು ಸಬ್‌ವೂಫರ್ ಪೆಟ್ಟಿಗೆಯ ಮುಂದೆ ಅಳತೆ ಟೇಪು ಹಿಡಿದು ಕೂತಿದ್ದ. ಯಾರ ಕಾರಿನ ಸದ್ದು ಜೋರು ಎಂಬ ಸ್ಪರ್ಧೆ ಮರುದಿನವೇ ಇತ್ತು.

“ಈ ತೂತು ಯಾಕ್ರೀ?”

“ತೂತಂತೆ! ಪೋರ್ಟ್ ಕಣೇ ಅದು. ಒಳಗಿನ ಗಾಳಿ ಅಲ್ಲಿಂದ ನುಗ್ಗಿ ಬಂದ್ರೇನೇ ಬೇಸ್ ಎದೆಗೆ ಗುದ್ದೋದು. ಚಿಕ್ಕದಾದ್ರೆ ಬುಸುಗುಡುತ್ತೆ, ದೊಡ್ಡದಾದ್ರೆ ಗುದ್ದೇ ಸಡಿಲ. ನಿನ್ನ ತಲೆಗೆ ಇದೆಲ್ಲ ಹತ್ತಲ್ಲ, ಹೋಗು.”

“ಮುಚ್ಚಿಬಿಟ್ರೆ?”

“ಸದ್ದು ಸತ್ತೇ ಹೋಗುತ್ತೆ. ಇಂಥ ಐಡಿಯಾ ನಿನ್ನಂಥ ದಡ್ಡಿಗೇ ಹೊಳೆಯೋದು.”

ಮರುದಿನ ಮೈದಾನದಲ್ಲಿ ಅವನು ಪಕ್ಕದ ಕಾರಿನ ಪೆಟ್ಟಿಗೆಯನ್ನು ಇಣುಕಿ ನೋಡಿ, “ಇದು ಪೋರ್ಟೋ, ಬಚ್ಚಲ ಮೋರಿನೋ?” ಎಂದ.

“ನಿಮ್ದು ಒಂದ್ಸಲ ಹಾಕಿ ನೋಡ್ಕೊಳ್ಳಿ ಸಾರ್,” ಎಂದರು ಸದ್ದು ಅಳೆಯುವ ಮೀಟರ್ ಹಿಡಿದು ಬಂದ ತೀರ್ಪುಗಾರರು.

“ಅದೆಲ್ಲ ಅಳತೆ ಗೊತ್ತಿಲ್ಲದೋರಿಗೆ. ಸುಮ್ನೆ ಮೀಟರ್ ಇಡ್ರೀ.”

ಇಟ್ಟರು. ಅವನು ಹಾಡು ಹಾಕಿದ. ಬಚ್ಚಲ ಮೋರಿಯ ಕಾರು ಮುಟ್ಟಿದ ಅಂಕಿಯ ಹತ್ತಿರಕ್ಕೂ ಮೀಟರ್ ಏರಲಿಲ್ಲ.

“ವಾಲ್ಯೂಮ್ ಕೊಡಿ ಸಾರ್!” ಎಂದು ಯಾರೋ ಕೂಗಿದರು. ವಾಲ್ಯೂಮ್ ಪೂರ್ತಿ ಏರಿಸಿಯೇ ಇತ್ತು. ಜನ ನಗತೊಡಗಿದರು.

ಅವನು ಡಿಕ್ಕಿಗೆ ಓಡಿ, ಪೋರ್ಟಿನೊಳಗೆ ಮೊಣಕೈವರೆಗೆ ಕೈ ತೂರಿಸಿದ. ಬೆರಳಿಗೆ ಮೆತ್ತಗೆ ಏನೋ ಸಿಕ್ಕಿತು. ಎಲ್ಲರೂ ನೋಡುತ್ತಿದ್ದ ಹಾಗೇ ಎಳೆದ. ಎಳೆದಷ್ಟೂ ಬರುತ್ತಲೇ ಇತ್ತು, ಉಚ್ಚೆ ವಾಸನೆಯ ಜೋಲಿ ಸೀರೆ.